ಮನೆಮಂದಿ ನಂಬಿ ಬಳಸುವ ಸ್ಮಾರ್ಟ್ ಸಾಧನ ಮಾಡುವುದು ಹೇಗೆ? ನೀರಿನ ಮೋಟಾರ್ ಪೆಟ್ಟಿಗೆಯಿಂದ ಶುರುಮಾಡೋಣ

ರಾಜಾಜಿನಗರದ ನಮ್ಮ ದೊಡ್ಡಮ್ಮನ ಮನೆಯಲ್ಲಿ ಮೆಟ್ಟಿಲ ಕೆಳಗೆ ಒಂದು ಬಿಳಿ ಪ್ಲಾಸ್ಟಿಕ್ ಪೆಟ್ಟಿಗೆ ಇತ್ತು. ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರು ಏರಿಸುವ ಮೋಟಾರನ್ನು ಫೋನಿನಿಂದಲೇ ಆನ್ ಮಾಡಬಹುದು, ಟ್ಯಾಂಕಿನಲ್ಲಿ ಎಷ್ಟು ನೀರಿದೆ ಅಂತ ಆ್ಯಪಿನಲ್ಲೇ ನೋಡಬಹುದು ಅಂತ ಅವರ ಮಗ ಹಾಕಿಸಿಕೊಟ್ಟಿದ್ದ. ಒಂದು ಭಾನುವಾರ, ಮನೆ ತುಂಬಾ ನೆಂಟರು. ಬೆಳಿಗ್ಗೆ ಏಳಕ್ಕೆ ನನಗೆ ಫೋನ್ ಬಂತು. "ನೋಡೋ, ಇದರಲ್ಲಿ ಮುಕ್ಕಾಲು ಟ್ಯಾಂಕ್ ಇದೆ ಅಂತ ತೋರಿಸ್ತಿದೆ, ನಲ್ಲೀಲಿ ಬರೀ ಗಾಳಿ ಬರ್ತಿದೆ."

ಹೋಗಿ ನೋಡಿದೆ. ಹಿಂದಿನ ರಾತ್ರಿಯೇ ಮನೆಯ ಇಂಟರ್ನೆಟ್ ಹೋಗಿತ್ತು. ಕೊನೆಯ ಸಲ ಬಂದಿದ್ದ 75% ಅನ್ನೋ ಅಂಕಿಯನ್ನೇ ಆ್ಯಪು ಅದೇ ನೀಲಿ ಬಣ್ಣದಲ್ಲಿ ಬೆಳಗಿನವರೆಗೂ ತೋರಿಸುತ್ತಾ ಇತ್ತು. ಸಂಪಿನಲ್ಲಿ ಬೇಕಾದಷ್ಟು ನೀರಿತ್ತು, ಆದರೆ ಮೋಟಾರ್ ಆನ್ ಮಾಡುವ ದಾರಿಯೇ ಇರಲಿಲ್ಲ, ಯಾಕೆಂದರೆ ಪೆಟ್ಟಿಗೆ ಕೂರಿಸಲು ಬಂದವರು ಗೋಡೆಯ ಮೇಲಿನ ಹಳೇ ಸ್ವಿಚ್ಚನ್ನು ಕಿತ್ತು ಹಾಕಿ ಹೋಗಿದ್ದರು. ಕೊನೆಗೆ ನನ್ನ ಫೋನಿನ ಹಾಟ್‌ಸ್ಪಾಟಿಗೆ ಅವರ ರೌಟರಿನ ಹೆಸರು, ಪಾಸ್‌ವರ್ಡ್ ಇಟ್ಟು ಪೆಟ್ಟಿಗೆಯನ್ನು ನೆಟ್ಟಿಗೆ ಸೇರಿಸಿ ಮೋಟಾರ್ ಹಾಕಿದೆ. ಕಾಫಿ ಲೋಟ ಕೈಗೆ ಕೊಡುತ್ತಾ ದೊಡ್ಡಮ್ಮ ಹೇಳಿದರು: "ನೀರು ಇದೆ ಅಂದ್ರೆ ಇರಬೇಕು ಕಣೋ. ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ ಅನ್ನಲಿ, ನಾನೇ ಮಾಳಿಗೆ ಹತ್ತಿ ನೋಡ್ಕೋತೀನಿ."

ನಂಬಿಕೆ ಅಂದರೆ ಏನು ಅಂತ ಇದಕ್ಕಿಂತ ಚೆನ್ನಾಗಿ ನನಗೆ ಯಾರೂ ಹೇಳಿಲ್ಲ. ಇಂಥ ಸಾಧನ ಮಾಡುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕಾಲೇಜು ಪ್ರಾಜೆಕ್ಟಿಗೆ ಎಸ್‌ಪಿ ರೋಡಿನಲ್ಲಿ ಬೋರ್ಡು, ರಿಲೇ, ಸೆನ್ಸರ್ ಕೊಂಡು ಶುರುಮಾಡಿದವರು, ಪೀಣ್ಯದಲ್ಲಿ ಸಣ್ಣ ಶೆಡ್ ಬಾಡಿಗೆಗೆ ಹಿಡಿದವರು, ಹಗಲು ಸಾಫ್ಟ್‌ವೇರ್ ಕೆಲಸ ಮಾಡಿ ರಾತ್ರಿ ಮನೆಯಲ್ಲಿ ಸೋಲ್ಡರಿಂಗ್ ಮಾಡುವವರು, ಎಲ್ಲರೂ ಓದಿ. ಉದಾಹರಣೆಗೆ ಉದ್ದಕ್ಕೂ ಮೋಟಾರ್ ಪೆಟ್ಟಿಗೆಯನ್ನೇ ಇಟ್ಟುಕೊಳ್ಳುತ್ತೇನೆ. ಬೆಂಗಳೂರಿನ ಎಷ್ಟೋ ಏರಿಯಾಗಳಲ್ಲಿ ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತದೆ, ಹಾಗಾಗಿ ಈ ಪೆಟ್ಟಿಗೆ ಕೈಕೊಟ್ಟರೆ ಏನಾಗುತ್ತದೆ ಅಂತ ಇಲ್ಲಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಗೀಸರ್, ಬಾಗಿಲ ಬೀಗ, ಕ್ಯಾಮೆರಾ ಮಾಡುವವರಿಗೂ ಇದೇ ಹೆಜ್ಜೆಗಳು ಹೊಂದುತ್ತವೆ.

ಹೆಜ್ಜೆ 1: ನೆಟ್ ಇಲ್ಲದ ದಿನವನ್ನು ಮೊದಲು ಯೋಚಿಸಿ

ಕೋಡ್ ಬರೆಯುವ ಮುಂಚೆ ಒಂದು ಹಾಳೆ ತಗೊಳ್ಳಿ. ಮೂರು ಪ್ರಶ್ನೆ ಬರೆಯಿರಿ. ನೆಟ್ ಹೋದರೆ ಏನಾಗುತ್ತದೆ? ಕರೆಂಟ್ ಹೋಗಿ ಬಂದರೆ ಏನಾಗುತ್ತದೆ? ಫೋನ್ ಯಾರ ಕೈಯಲ್ಲೂ ಇಲ್ಲದಿದ್ದರೆ ಏನಾಗುತ್ತದೆ? ಒಂದೊಂದಕ್ಕೂ ಉತ್ತರ ಬರೆದಾದ ಮೇಲೆ ಆ್ಯಪಿನ ಬಣ್ಣ, ಬಟನ್ ಕಡೆ ಹೋಗಿ.

ಹೊಸಬರು ಸಾಮಾನ್ಯವಾಗಿ ಎಡವುವುದು ಇಲ್ಲೇ. ಟ್ಯಾಂಕಿನ ಸೆನ್ಸರ್ ಹೇಳಿದ್ದು ಸರ್ವರಿಗೆ ಹೋಗುತ್ತದೆ, ಸರ್ವರ್ "ತುಂಬಿತು, ನಿಲ್ಲಿಸು" ಅನ್ನುತ್ತದೆ, ಆಮೇಲೆ ರಿಲೇ (ಚಿಪ್ ಹೇಳಿದಂತೆ ಕರೆಂಟ್ ಕೊಡುವ, ಕಡಿಯುವ ಸಣ್ಣ ಸ್ವಿಚ್) ಆಫ್ ಆಗುತ್ತದೆ. ಮಧ್ಯದಲ್ಲಿ ನೆಟ್ ಕಟ್ ಆದರೆ ಟ್ಯಾಂಕ್ ತುಂಬಿ ಹರಿದು ಬೀದಿಗೆ ನೀರು. ಟ್ಯಾಂಕ್ ತುಂಬಿದರೆ ನಿಲ್ಲಿಸುವುದು, ಸಂಪು ಖಾಲಿಯಾದರೆ ನಿಲ್ಲಿಸುವುದು, ಇಷ್ಟು ಹೊತ್ತಿಗಿಂತ ಜಾಸ್ತಿ ಓಡಬಾರದು ಅನ್ನುವುದು, ಈ ಮೂರೂ ತೀರ್ಮಾನ ಪೆಟ್ಟಿಗೆಯ ಒಳಗೇ ಆಗಬೇಕು. ಸರ್ವರ್ ಇರುವುದು ದೂರದಲ್ಲಿರುವವರಿಗೆ ಸುದ್ದಿ ಮುಟ್ಟಿಸಲು. ಫೋನೂ ಪೆಟ್ಟಿಗೆಯೂ ಒಂದೇ ವೈ-ಫೈನಲ್ಲಿದ್ದಾಗ ಹೊರಗಿನ ನೆಟ್ ಇಲ್ಲದೆಯೂ ಆ್ಯಪ್ ಕೆಲಸ ಮಾಡಬೇಕು. ಗೋಡೆಯ ಸ್ವಿಚ್ಚನ್ನಂತೂ ಯಾವ ಕಾರಣಕ್ಕೂ ಕೀಳಬೇಡಿ.

ಕರೆಂಟ್ ಬಂದ ತಕ್ಷಣ ಮೋಟಾರ್ ತಾನಾಗೇ ಓಡಬಾರದು. ಬಂದ ಮೊದಲ ನಿಮಿಷಗಳಲ್ಲಿ ವೋಲ್ಟೇಜ್ ಏರಿಳಿಯುತ್ತದೆ, ಬೀದಿಯ ಮೋಟಾರೆಲ್ಲಾ ಒಟ್ಟಿಗೆ ಶುರುವಾದರೆ ಇನ್ನೂ ಕುಸಿಯುತ್ತದೆ. ಒಂದೆರಡು ನಿಮಿಷ ಕಾಯಲಿ, ಆ ಕಾಯುವ ಹೊತ್ತು ಪ್ರತಿ ಪೆಟ್ಟಿಗೆಗೂ ಸ್ವಲ್ಪ ಬೇರೆ ಬೇರೆ ಇರಲಿ.

ಸಂಪು ತೊಳೆಯುವ ದಿನದ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಏಕೆಂದರೆ ಇದು ಜೀವದ ಮಾತು. ವರ್ಷಕ್ಕೆ ಒಂದೆರಡು ಸಲ ಯಾರೋ ಒಬ್ಬರು ಸಂಪಿಗೆ ಇಳಿಯುತ್ತಾರೆ. ನೀರಿನೊಳಗೇ ಇಡುವ ಮೋಟಾರ್ ಆದರೆ ಅದು ಅವರ ಕಾಲ ಪಕ್ಕದಲ್ಲೇ ಇರುತ್ತದೆ. ಆ ಹೊತ್ತಿಗೆ ಆಫೀಸಿನಲ್ಲಿರುವ ಮಗ "ಟ್ಯಾಂಕ್ ಖಾಲಿ" ಅನ್ನೋ ಮೆಸೇಜ್ ನೋಡಿ ಆನ್ ಒತ್ತಿದರೆ? ಹಾಗಾಗಿ ಪೆಟ್ಟಿಗೆಯ ಪಕ್ಕದಲ್ಲೇ ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುವ ಸ್ವಿಚ್ ಇರಬೇಕು. ಅದನ್ನು ಕೆಳಗೆ ಮಾಡಿದರೆ ಮೋಟಾರಿಗೆ ಕರೆಂಟೇ ಹೋಗಬಾರದು. ಯಾವ ಸಾಫ್ಟ್‌ವೇರಿಗೂ ಅದನ್ನು ದಾಟುವ ದಾರಿ ಇರಬಾರದು. ಆ್ಯಪಿನಲ್ಲಿ "ಮನೆಯಲ್ಲಿ ಮೇನ್ ಸ್ವಿಚ್ ಆಫ್ ಮಾಡಿದ್ದಾರೆ" ಅಂತ ಬರಲಿ, ಆನ್ ಬಟನ್ ಕೆಲಸ ಮಾಡದಿರಲಿ.

ಹೆಜ್ಜೆ 2: ಪೆಟ್ಟಿಗೆ ತನಗೆ ಗೊತ್ತಿರುವುದನ್ನಷ್ಟೇ ಹೇಳಲಿ

ದೊಡ್ಡಮ್ಮನ ಮನೆಯ 75% ಸುಳ್ಳು ಅಂಕಿ ಅಲ್ಲ, ಹಳೇ ಅಂಕಿ. ಆದರೆ ಬೆಳಗಿನ ಹೊತ್ತಿಗೆ ಅದು ಸುಳ್ಳೇ ಆಗಿತ್ತು. ಪ್ರತಿ ಅಂಕಿಯ ಜೊತೆ ಅದು ಯಾವಾಗ ಬಂದದ್ದು ಅನ್ನೋದನ್ನೂ ತೋರಿಸಿ. ಐದು ನಿಮಿಷಕ್ಕಿಂತ ಹಳೆಯದಾದರೆ ಬಣ್ಣ ಬೂದಿಯಾಗಲಿ. ಇನ್ನೂ ಹಳೆಯದಾದರೆ ಅಂಕಿಯನ್ನೇ ತೆಗೆದು "ರಾತ್ರಿ 11:20ರಿಂದ ಮಾಹಿತಿ ಬಂದಿಲ್ಲ" ಅಂತ ಬರೆಯಿರಿ.

ಇದಕ್ಕಿಂತ ಕಣ್ಣಿಗೆ ಕಾಣದ ಸುಳ್ಳೊಂದಿದೆ. ಎಸ್‌ಪಿ ರೋಡಿನಲ್ಲಿ ಸಿಗುವ ನೀಲಿ ಬಣ್ಣದ ಸಣ್ಣ ರಿಲೇ ನೋಡಿರುತ್ತೀರಿ, ಮೇಲೆ 10 ಆಂಪ್ 250 ವೋಲ್ಟ್ ಅಂತ ಅಚ್ಚಾಗಿರುತ್ತದೆ. ಒಂದು ಎಚ್‌ಪಿ ಅಂದರೆ 746 ವಾಟ್, ಓಡುವಾಗ ಮೋಟಾರ್ ಎಳೆಯುವುದು ಸುಮಾರು 5ರಿಂದ 7 ಆಂಪ್, ಹಾಗಾದರೆ ಸಾಕಲ್ಲ ಅನ್ನಿಸುತ್ತದೆ, ಅಲ್ವಾ? ಆದರೆ ಮೋಟಾರ್ ಶುರುವಾಗುವ ಕ್ಷಣದಲ್ಲಿ ಅದರ ಐದಾರು ಪಟ್ಟು ಎಳೆಯುತ್ತದೆ. ಪ್ರತಿ ಸಲ ಆನ್ ಆದಾಗಲೂ ಒಳಗಿನ ಸಣ್ಣ ಲೋಹದ ತುಂಡುಗಳ ನಡುವೆ ಕಿಡಿ ಹಾರುತ್ತದೆ. ಒಂದು ದಿನ ಅವು ಬೆಸೆದುಕೊಂಡು ಬಿಡುತ್ತವೆ. ಆಮೇಲೆ ನಿಮ್ಮ ಚಿಪ್ "ಆಫ್" ಅನ್ನುತ್ತದೆ, ಆ್ಯಪಿನಲ್ಲಿ ಆಫ್ ಅಂತ ಬರುತ್ತದೆ, ಕೆಳಗೆ ಮೋಟಾರ್ ಓಡುತ್ತಲೇ ಇರುತ್ತದೆ.

ಇದಕ್ಕೆ ಎರಡು ಕೆಲಸ ಮಾಡಿ. ರಿಲೇಯಿಂದ ನೇರವಾಗಿ ಮೋಟಾರ್ ಓಡಿಸಬೇಡಿ, ಮೋಟಾರಿಗೆ ತಕ್ಕ ಕಾಂಟ್ಯಾಕ್ಟರ್ (ಜಾಸ್ತಿ ಕರೆಂಟ್ ತಡೆಯುವ ದೊಡ್ಡ ರಿಲೇ) ಹಾಕಿ, ರಿಲೇ ಆ ಕಾಂಟ್ಯಾಕ್ಟರನ್ನು ಎಳೆಯಲಿ. ಎರಡನೆಯದು, ಮೋಟಾರಿನ ತಂತಿಗೆ ಒಂದು ಕರೆಂಟ್ ಸೆನ್ಸರ್ ಹಾಕಿ. ಆಗ ಪೆಟ್ಟಿಗೆ "ಆಫ್ ಮಾಡಲು ಹೇಳಿದೆ" ಮತ್ತು "ಆಫ್ ಆಗಿದೆ" ಎರಡನ್ನೂ ಬೇರೆ ಬೇರೆಯಾಗಿ ತಿಳಿಯಬಲ್ಲದು. ಆಫ್ ಹೇಳಿದ ಮೇಲೂ ಕರೆಂಟ್ ಹರಿಯುತ್ತಿದ್ದರೆ ಜೋರಾಗಿ ಬೀಪ್ ಮಾಡಲಿ, "ಮೋಟಾರ್ ನಿಲ್ಲುತ್ತಿಲ್ಲ. ಎಂಸಿಬಿ ಆಫ್ ಮಾಡಿ" ಅಂತ ಮೆಸೇಜ್ ಕಳಿಸಲಿ. ಇದೇ ಸೆನ್ಸರ್ ಇನ್ನೊಂದು ಕೆಲಸಕ್ಕೂ ಬರುತ್ತದೆ. ನೀರಿಲ್ಲದೆ ಓಡುವ ಪಂಪಿನ ಕರೆಂಟ್ ಮಾಮೂಲಿಗಿಂತ ಇಳಿಯುತ್ತದೆ, ಅದನ್ನು ಹಿಡಿದು ನಿಲ್ಲಿಸಿದರೆ ಸೀಲ್ ಹೋಗುವುದು, ಕಾಯಿಲ್ ಸುಡುವುದು ತಪ್ಪುತ್ತದೆ.

ಶಬ್ದದ ಅಲೆ ಕಳಿಸಿ ನೀರಿನ ಮಟ್ಟ ಅಳೆಯುವ ಅಲ್ಟ್ರಾಸಾನಿಕ್ ಸೆನ್ಸರನ್ನೂ ಕಣ್ಣುಮುಚ್ಚಿ ನಂಬಬೇಡಿ. ಟ್ಯಾಂಕಿನ ಮುಚ್ಚಳದ ಒಳಗೆ ಆವಿ ಹನಿಗಟ್ಟಿ ಸೆನ್ಸರಿಗೆ ಅಂಟಿದರೆ ಅಂಕಿ ಹುಚ್ಚಾಪಟ್ಟೆ ಬರುತ್ತದೆ. ಸಾಮಾನ್ಯವಾಗಿ ಸಿಗುವ ವಾಟರ್‌ಪ್ರೂಫ್ ಸೆನ್ಸರುಗಳು ಹತ್ತಿರದ 20-25 ಸೆಂಟಿಮೀಟರಿನೊಳಗೆ ಅಳೆಯಲಾರವು, ಅಂದರೆ ಟ್ಯಾಂಕ್ ತುಂಬುವ ಹೊತ್ತಿಗೆ ಸರಿಯಾಗಿ ಅವಕ್ಕೆ ಕಣ್ಣು ಕಾಣುವುದಿಲ್ಲ. ಮೇಲ್ಗಡೆ ಒಂದು ಫ್ಲೋಟ್ ಸ್ವಿಚ್ (ನೀರು ಏರಿದಾಗ ತೇಲಿ ತಾನೇ ಒತ್ತಿಕೊಳ್ಳುವ ಸ್ವಿಚ್) ಇಡಿ. ನಿಲ್ಲಿಸುವ ವಿಷಯದಲ್ಲಿ ಫ್ಲೋಟಿನ ಮಾತೇ ಕೊನೆ.

ಹೆಜ್ಜೆ 3: ಎಲ್ಲಾ ಪೆಟ್ಟಿಗೆಗೂ ಒಂದೇ ಬೀಗದ ಕೈ ಬೇಡ

2016ರಲ್ಲಿ ಮಿರಾಯ್ ಅನ್ನೋ ಕೆಟ್ಟ ಸಾಫ್ಟ್‌ವೇರ್ ಲೋಕದ ತುಂಬಾ ಕ್ಯಾಮೆರಾ, ವಿಡಿಯೋ ರೆಕಾರ್ಡರ್, ರೌಟರುಗಳನ್ನು ವಶಮಾಡಿಕೊಂಡಿತು. ಅದರ ಹತ್ತಿರ ದೊಡ್ಡ ವಿದ್ಯೆ ಏನೂ ಇರಲಿಲ್ಲ. ಫ್ಯಾಕ್ಟರಿಯಲ್ಲಿ ಇಟ್ಟು ಕಳಿಸುವ ಅಡ್ಮಿನ್-ಅಡ್ಮಿನ್ ಥರದ ಸುಮಾರು 60 ಹೆಸರು-ಪಾಸ್‌ವರ್ಡ್ ಜೋಡಿಗಳ ಪಟ್ಟಿ ಇತ್ತು, ಅಷ್ಟೇ. ಆ ಸಾಧನಗಳನ್ನೆಲ್ಲಾ ಸೇರಿಸಿಕೊಂಡು ಅಕ್ಟೋಬರ್ 21ರಂದು ಜಾಲತಾಣಗಳ ವಿಳಾಸ ಹುಡುಕಿಕೊಡುವ ಡೈನ್ ಅನ್ನೋ ಅಮೆರಿಕದ ಕಂಪನಿಯ ಮೇಲೆ ಬಿದ್ದಾಗ ಟ್ವಿಟರ್, ನೆಟ್‌ಫ್ಲಿಕ್ಸ್ ಅಂಥ ತಾಣಗಳು ಗಂಟೆಗಟ್ಟಲೆ ಸಿಗದಾದವು. ಕ್ಯಾಮೆರಾ ಕೊಂಡವರಿಗೆ ಇದು ಗೊತ್ತೇ ಆಗಲಿಲ್ಲ. ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ ಇಂಥ ಒಂದೇ ಪಾಸ್‌ವರ್ಡ್ ಇಟ್ಟು ಮನೆಬಳಕೆಯ ಸಾಧನ ಮಾರುವುದು ಕಾನೂನಿಗೆ ವಿರುದ್ಧ.

ಪ್ರತಿ ಪೆಟ್ಟಿಗೆಗೂ ಬೇರೆ ಪಾಸ್‌ವರ್ಡ್ ಇರಲಿ. ಅದನ್ನು ಸೀರಿಯಲ್ ನಂಬರಿನಿಂದ ಲೆಕ್ಕ ಹಾಕಿ ತೆಗೆಯಬೇಡಿ, ಒಂದು ಪೆಟ್ಟಿಗೆ ಬಿಚ್ಚಿ ನೋಡಿದವರಿಗೆ ಉಳಿದದ್ದೂ ಸಿಕ್ಕಿಬಿಡುತ್ತದೆ. ಊಹೆಗೆ ಸಿಗದಂಥ ಬೇರೆ ಬೇರೆ ಅಕ್ಷರ ಹುಟ್ಟಿಸಿ, ಸ್ಟಿಕ್ಕರಿನಲ್ಲಿ ಅಚ್ಚು ಹಾಕಿ ಮುಚ್ಚಳದ ಒಳಗೆ ಅಂಟಿಸಿ.

ಇನ್ನೊಂದು ಪರೀಕ್ಷೆ ನಿಮ್ಮ ಪೆಟ್ಟಿಗೆಯ ಮೇಲೆ ನೀವೇ ಮಾಡಿ. ಇಎಸ್‌ಪಿ32 ಬೋರ್ಡ್ ಬಳಸಿದ್ದರೆ ಅದನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಫ್ಲ್ಯಾಶಿನಲ್ಲಿ (ಬೋರ್ಡಿನ ನೆನಪಿನ ಜಾಗದಲ್ಲಿ) ಇರುವುದನ್ನೆಲ್ಲಾ ಒಂದು ಫೈಲಿಗೆ ಓದಿಕೊಳ್ಳಿ, ಅದರಲ್ಲಿ ನಿಮ್ಮ ಮನೆಯ ವೈ-ಫೈ ಹೆಸರು ಹುಡುಕಿ. ಫ್ಲ್ಯಾಶ್ ಎನ್‌ಕ್ರಿಪ್ಶನ್ (ಅಲ್ಲಿರುವುದನ್ನು ಗುಟ್ಟು ಲಿಪಿಯಾಗಿ ಮಾಡುವುದು) ಹಾಕಿರದಿದ್ದರೆ ಹೆಸರಿನ ಹತ್ತಿರದಲ್ಲೇ ಪಾಸ್‌ವರ್ಡೂ ಅಕ್ಷರ ಅಕ್ಷರ ಕಾಣುತ್ತದೆ. ಸರ್ವರಿಗೆ ಸೇರುವ ಎಂಕ್ಯೂಟಿಟಿ (ಇಂಥ ಸಾಧನಗಳು ಮೆಸೇಜ್ ಕಳಿಸುವ ರೀತಿ) ಪಾಸ್‌ವರ್ಡೂ ಅಲ್ಲೇ ಇರುತ್ತದೆ. ಅದು ಎಲ್ಲಾ ಪೆಟ್ಟಿಗೆಗೂ ಒಂದೇ ಆಗಿದ್ದರೆ, ಗುಜರಿಯಿಂದ ನಿಮ್ಮ ಒಂದು ಹಳೇ ಪೆಟ್ಟಿಗೆ ತಂದವರು ಊರಿನ ಎಲ್ಲಾ ಮೋಟಾರೂ ಆನ್ ಮಾಡಬಹುದು. ಮೊದಲ ಸಲ ನನ್ನ ಪರದೆಯ ಮೇಲೆ ನನ್ನದೇ ಪಾಸ್‌ವರ್ಡ್ ನೋಡಿದಾಗ ಎದೆ ಧಸಕ್ಕೆಂದಿತು.

ಆದ್ದರಿಂದ ಫ್ಲ್ಯಾಶ್ ಎನ್‌ಕ್ರಿಪ್ಶನ್, ಸೆಕ್ಯೂರ್ ಬೂಟ್ (ನಿಮ್ಮ ಸಹಿ ಇಲ್ಲದ ಸಾಫ್ಟ್‌ವೇರ್ ಓಡದಂತೆ ತಡೆಯುವುದು) ಎರಡೂ ಹಾಕಿ. ಇವನ್ನು ಚಿಪ್ಪಿನೊಳಗೆ ಒಂದು ಸಲ ಬರೆದರೆ ಅಳಿಸಲು ಬರುವುದಿಲ್ಲ, ಮೊದಲು ನಾಲ್ಕೈದು ಬೋರ್ಡಿನಲ್ಲಿ ಅಭ್ಯಾಸ ಮಾಡಿಕೊಳ್ಳಿ. ಪ್ರತಿ ಪೆಟ್ಟಿಗೆಗೂ ತನ್ನದೇ ಸರ್ಟಿಫಿಕೇಟ್ ಕೊಡಿ, ಸರ್ವರಿನಲ್ಲಿ ಅದು ತನ್ನ ವಿಷಯ ಬಿಟ್ಟು ಬೇರೆಯವರದ್ದನ್ನು ಓದದಂತೆ, ಬರೆಯದಂತೆ ಕಟ್ಟಿಹಾಕಿ. ಸರ್ವರಿನ ಜೊತೆ ಮಾತುಕತೆ ಟಿಎಲ್ಎಸ್ (ದಾರಿಯಲ್ಲಿ ಯಾರೂ ಓದದಂತೆ ಮುಚ್ಚಿ ಕಳಿಸುವ ರೀತಿ) ಮೇಲೆ, 8883 ಪೋರ್ಟಿನಲ್ಲಿ ನಡೆಯಲಿ. ಟಿಎಲ್ಎಸ್ ಇಲ್ಲದ 1883 ಪೋರ್ಟ್ ಸುಮ್ನೆ ತೆರೆದಿಟ್ಟ ಪೋಸ್ಟ್ ಕಾರ್ಡ್ ಇದ್ದಂತೆ.

ಹೆಜ್ಜೆ 4: ಬೇಡದ ಮಾಹಿತಿ ಕೇಳಬೇಡಿ

ನೀರಿನ ಅಂಕಿ ತಾನೇ, ಅದರಲ್ಲೇನಿದೆ ಅನ್ನಬೇಡಿ. ನಾಲ್ಕು ದಿನ ಟ್ಯಾಂಕಿನ ನೀರು ಇಳಿಯದಿದ್ದರೆ ಮನೆಯವರು ಊರಿಗೆ ಹೋಗಿದ್ದಾರೆ ಅಂತ ಅರ್ಥ. ರಾತ್ರಿ ಎಷ್ಟು ಹೊತ್ತಿಗೆ ಮಲಗುತ್ತಾರೆ, ಮನೆಯಲ್ಲಿ ಎಷ್ಟು ಜನ ಇದ್ದಾರೆ ಅನ್ನೋದೂ ಅಂದಾಜಾಗುತ್ತದೆ. ನಿಮಿಷ ನಿಮಿಷದ ಲೆಕ್ಕ ಪೆಟ್ಟಿಗೆಯಲ್ಲೇ ಇರಲಿ. ಸರ್ವರಿಗೆ ಈಗಿನ ಮಟ್ಟ, ಮೋಟಾರ್ ಸ್ಥಿತಿ, ಎಚ್ಚರಿಕೆ ಇಷ್ಟು ಹೋದರೆ ಸಾಕು. ಕಾಂಟ್ಯಾಕ್ಟ್ಸ್ ಪಟ್ಟಿ ಯಾಕೆ ಬೇಕು? ಬೇಡ. ಹಳೇ ಆ್ಯಂಡ್ರಾಯ್ಡ್ ಫೋನುಗಳಲ್ಲಿ ಬ್ಲೂಟೂತ್ ಹುಡುಕಾಟಕ್ಕೇ ಲೊಕೇಶನ್ ಅನುಮತಿ ಕೇಳಬೇಕಿತ್ತು, ಆ್ಯಂಡ್ರಾಯ್ಡ್ 12ರಿಂದ ಆ ಬಲವಂತ ಇಲ್ಲ. ಹಳೇ ಫೋನಿನವರಿಗೆ ಯಾಕೆ ಕೇಳುತ್ತಿದ್ದೀರಿ ಅಂತ ಒಂದು ಸಾಲಿನಲ್ಲಿ ಹೇಳಿ, ಹೊಸ ಫೋನಿನವರನ್ನು ಕೇಳಲೇ ಬೇಡಿ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಬಳಕೆದಾರರಿಗೆ ಇರಬೇಕು. ಅದರಲ್ಲಿ ಕನ್ನಡವೂ ಇದೆ. ಇದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಕಾನೂನಿಗೆ ಹೆದರಿ ಮಾಡಿದ ಕನ್ನಡ ಬೇಡ. ದೊಡ್ಡಮ್ಮ ಓದುವ ಕನ್ನಡ ಬೇಕು. "ಅನುಮತಿಯನ್ನು ನೀಡಲು ಸಮ್ಮತಿಸಿ" ಅಂದರೆ ಅವರು ಸುಮ್ನೆ ಒತ್ತಿ ಮುಂದೆ ಹೋಗುತ್ತಾರೆ. "ಟ್ಯಾಂಕಿನ ನೀರಿನ ಮಟ್ಟ ನಮ್ಮ ಸರ್ವರಿಗೆ ಬರುತ್ತದೆ. ಒಂದು ವಾರ ಇಟ್ಟು ಅಳಿಸುತ್ತೇವೆ. ಒಪ್ಪುತ್ತೀರಾ?" ಅಂದರೆ ಓದುತ್ತಾರೆ. ಎಚ್ಚರಿಕೆಯ ಮೆಸೇಜುಗಳೂ ಹಾಗೇ ಇರಲಿ: ಏನಾಯಿತು, ಪೆಟ್ಟಿಗೆ ಏನು ಮಾಡಿತು, ಈಗ ನೀವೇನು ಮಾಡಬೇಕು. "ಸಂಪಿನಲ್ಲಿ ನೀರಿಲ್ಲ. ಮೋಟಾರ್ ನಿಲ್ಲಿಸಿದೆ. ನೀರು ಬಂದ ಮೇಲೆ ಮತ್ತೆ ಆನ್ ಮಾಡಿ."

ಹೆಜ್ಜೆ 5: ಮನೆಯಲ್ಲಿ ಯಾರ್ಯಾರು ಇರುತ್ತಾರೆ ನೋಡಿ

ಬೆಂಗಳೂರಿನ ಮನೆ ಅಂದರೆ ಕೆಳಗೆ ಓನರ್, ಮೇಲೆ ಎರಡು ಬಾಡಿಗೆ ಮನೆ, ಎಲ್ಲರಿಗೂ ಸೇರಿ ಒಂದೇ ಸಂಪು. ಒಂದೇ ಅಕೌಂಟಿನ ಪಾಸ್‌ವರ್ಡನ್ನು ವಾಟ್ಸಾಪಿನಲ್ಲಿ ಹಂಚಿಕೊಳ್ಳುವಂತೆ ಮಾಡಬೇಡಿ. ಓನರ್ ಒಬ್ಬರು, ಉಳಿದವರು ಅವರು ಸೇರಿಸಿದವರು. ಬಾಡಿಗೆಯವರು ಮನೆ ಬಿಟ್ಟ ದಿನ ಅವರೊಬ್ಬರನ್ನು ತೆಗೆಯಲು ಒಂದೇ ಬಟನ್ ಸಾಕಾಗಬೇಕು. ಯಾರು ಯಾವಾಗ ಆನ್ ಮಾಡಿದರು ಅನ್ನೋದು ಸೇರಿರುವ ಎಲ್ಲರಿಗೂ ಕಾಣಲಿ, ಓನರಿಗೆ ಮಾತ್ರ ಕಂಡರೆ ಅದು ಕಾವಲು ಕಾದಂತೆ ಆಗುತ್ತದೆ. ಫೋನೇ ಇಲ್ಲದ ಅಜ್ಜಿಗೆ, ಮನೆಕೆಲಸಕ್ಕೆ ಬರುವವರಿಗೆ ಪೆಟ್ಟಿಗೆಯ ಮೇಲೊಂದು ದೊಡ್ಡ ಬಟನ್, ಕೆಂಪು-ಹಸಿರು ದೀಪ. ದೀಪದ ಪಕ್ಕ "ಓಡುತ್ತಿದೆ", "ನಿಂತಿದೆ" ಅಂತ ಬರಹವೂ ಇರಲಿ, ಬಣ್ಣ ಗುರುತಿಸಲಾಗದವರೂ ಇರುತ್ತಾರೆ.

ರೀಸೆಟ್ ಮಾಡಲು ಪಿನ್ನು ತೂರಿಸುವ ಸಣ್ಣ ತೂತು ಇಡಬೇಡಿ. ಆಯುಧಪೂಜೆಗೆ ಮನೆಯ ಎಲ್ಲಾ ಯಂತ್ರಕ್ಕೂ ಅರಿಶಿನ ಕುಂಕುಮ ಹಚ್ಚುತ್ತಾರೆ, ಮೋಟಾರ್ ಪೆಟ್ಟಿಗೆಗಂತೂ ತಪ್ಪದೆ. ಒಂದು ಮನೆಯಲ್ಲಿ ಆ ತೂತಿನೊಳಗೆ ಕುಂಕುಮ ಗಟ್ಟಿಯಾಗಿ ಕೂತು ಬಟನ್ ಒಳಗೇ ಒತ್ತಿಕೊಂಡು ನಿಂತಿತ್ತು. ಜನ ತಮ್ಮ ವಸ್ತುವಿನ ಮೇಲೆ ಅಷ್ಟು ಪ್ರೀತಿ ಇಟ್ಟಿರುವಾಗ ಅದಕ್ಕೆ ತಕ್ಕಂತೆ ಮಾಡುವುದು ನಮ್ಮ ಕೆಲಸ. ರಬ್ಬರ್ ಹೊದಿಕೆಯ ಬಟನ್ ಹಾಕಿ, ಹತ್ತು ಸೆಕೆಂಡ್ ಒತ್ತಿ ಹಿಡಿದರಷ್ಟೇ ರೀಸೆಟ್ ಆಗಲಿ.

ಹೆಜ್ಜೆ 6: ಅಪ್‌ಡೇಟ್ ಕಳಿಸುವ ದಾರಿ, ಎಷ್ಟು ವರ್ಷ ಅನ್ನೋ ಮಾತು

ಮಾರಿದ ಮೇಲೆ ತಪ್ಪು ಸಿಕ್ಕೇ ಸಿಗುತ್ತದೆ. ಫ್ಲ್ಯಾಶಿನಲ್ಲಿ ಎರಡು ಜಾಗ ಇಡಿ, ಹೊಸ ಫರ್ಮ್‌ವೇರ್ (ಪೆಟ್ಟಿಗೆಯೊಳಗಿನ ಸಾಫ್ಟ್‌ವೇರ್) ಒಂದರಲ್ಲಿ ಕೂರಲಿ, ಅದು ಸರಿಯಾಗಿ ಎದ್ದು ಸರ್ವರನ್ನು ಮುಟ್ಟದಿದ್ದರೆ ಪೆಟ್ಟಿಗೆ ತಾನಾಗೇ ಹಳೆಯದಕ್ಕೆ ಮರಳಲಿ. ಸಹಿ ಇಲ್ಲದ ಫರ್ಮ್‌ವೇರನ್ನು ಒಳಗೆ ಬಿಡಬಾರದು. ಸಹಿ ಹಾಕುವ ಕೀಲಿ ಒಬ್ಬ ಎಂಜಿನಿಯರಿನ ಲ್ಯಾಪ್‌ಟಾಪಿನಲ್ಲಿ ಇರಬಾರದು. ಮೋಟಾರ್ ಓಡುವಾಗ ಅಪ್‌ಡೇಟ್ ಬೇಡ. ಎಲ್ಲಾ ಮನೆಗೂ ಒಂದೇ ದಿನ ಕಳಿಸಬೇಡಿ, ಮೊದಲು ನಿಮ್ಮ ಮನೆ, ಆಮೇಲೆ ಹತ್ತು ಮನೆ, ಒಂದು ವಾರ ಬಿಟ್ಟು ಉಳಿದವರು.

ಎಷ್ಟು ವರ್ಷ ಅಪ್‌ಡೇಟ್ ಕೊಡುತ್ತೀರಿ ಅಂತ ಡಬ್ಬದ ಮೇಲೆಯೇ ಇಸವಿ ಹಾಕಿ ಅಚ್ಚು ಮಾಡಿ. ರಿವಾಲ್ವ್ ಅನ್ನೋ ಸ್ಮಾರ್ಟ್ ಹೋಮ್ ಹಬ್ ಅಮೆರಿಕದಲ್ಲಿ ಸುಮಾರು 300 ಡಾಲರಿಗೆ ಮಾರಾಟವಾಗಿತ್ತು. ಅದನ್ನು ಕೊಂಡುಕೊಂಡ ನೆಸ್ಟ್ ಕಂಪನಿ 2016ರ ಮೇ ತಿಂಗಳಲ್ಲಿ ಸರ್ವರ್ ಮುಚ್ಚಿತು, ಜನರ ಮನೆಯಲ್ಲಿದ್ದ ಚೆನ್ನಾಗಿಯೇ ಇದ್ದ ಹಬ್‌ಗಳು ಅವತ್ತಿಗೆ ಬರೀ ಡಬ್ಬಗಳಾದವು. ನಿಮ್ಮ ಅಂಗಡಿ ಮುಚ್ಚಿದ ಮಾರನೇ ದಿನವೂ ಪೆಟ್ಟಿಗೆ ಮೋಟಾರನ್ನು ನಿಲ್ಲಿಸಬೇಕು, ಓಡಿಸಬೇಕು. ಹೆಜ್ಜೆ 1 ಸರಿಯಾಗಿ ಮಾಡಿದ್ದರೆ ಇದು ತಾನಾಗೇ ಆಗಿರುತ್ತದೆ.

ಹೆಜ್ಜೆ 7: ಕಾಗದ ಪತ್ರ, ದೂರು

ವೈ-ಫೈ, ಬ್ಲೂಟೂತ್ ಇರುವ ಸಾಧನ ಮಾರಲು ದೂರಸಂಪರ್ಕ ಇಲಾಖೆಯ ಡಬ್ಲ್ಯೂಪಿಸಿ ವಿಭಾಗದ ಇಟಿಎ ಅನ್ನೋ ಒಪ್ಪಿಗೆ ಪತ್ರ ಬೇಕು. ಮೊದಲೇ ಪರೀಕ್ಷೆಯಾದ ರೇಡಿಯೋ ಮಾಡ್ಯೂಲ್ ಕೊಂಡರೆ ಕೆಲಸ ಹಗುರ. ಭದ್ರತೆಯ ತಪ್ಪು ಕಂಡವರು ಹೇಳಲು ಒಂದು ಇಮೇಲ್ ವಿಳಾಸ ಇಡಿ, ಅದನ್ನು ದಿನವೂ ಒಬ್ಬರು ನೋಡಲಿ. ಯಾವನೋ ವಿದ್ಯಾರ್ಥಿ ನಿಮ್ಮ ಪೆಟ್ಟಿಗೆಯಲ್ಲಿ ತೂತು ಹುಡುಕಿ ಬರೆದರೆ ವಕೀಲರ ನೋಟಿಸ್ ಕಳಿಸಬೇಡಿ, ಥ್ಯಾಂಕ್ಸ್ ಹೇಳಿ, ಸರಿಮಾಡಿ, ಅವನ ಹೆಸರು ಹಾಕಬಹುದಾ ಅಂತ ಕೇಳಿ. ನಿಜವಾಗಿಯೂ ದಾಳಿ ಆದರೆ 6 ಗಂಟೆಯೊಳಗೆ, ಸೈಬರ್ ದಾಳಿ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆಯಾದ ಸರ್ಟ್-ಇನ್‌ಗೆ ತಿಳಿಸಬೇಕು ಅಂತ 2022ರ ಆದೇಶ ಹೇಳುತ್ತದೆ. ಆ ರಾತ್ರಿ ಯಾರು ಬರೆಯಬೇಕು, ಯಾರಿಗೆ ಫೋನ್ ಮಾಡಬೇಕು ಅನ್ನೋದನ್ನು ಇವತ್ತೇ ಗೋಡೆಗೆ ಅಂಟಿಸಿ.

ಹೆಜ್ಜೆ 8: ಐದು ಮನೆಯಲ್ಲಿ ಇಟ್ಟು ನೋಡಿ

ಲ್ಯಾಬಿನಲ್ಲಿ ಎಲ್ಲವೂ ಓಡುತ್ತದೆ. ಐದು ಬೇರೆ ಥರದ ಮನೆ ಹುಡುಕಿ: ಒಂದು ಬೋರ್‌ವೆಲ್ ಇರುವುದು, ಒಂದು ಟ್ಯಾಂಕರ್ ನೀರಿನದು, ಅಕ್ಕಪಕ್ಕ ಹತ್ತಾರು ವೈ-ಫೈ ಇರುವ ಅಪಾರ್ಟ್‌ಮೆಂಟ್ ಒಂದು, ವಯಸ್ಸಾದವರಷ್ಟೇ ಇರುವುದು ಒಂದು, ಬಾಡಿಗೆಯವರು ತುಂಬಿದ್ದು ಒಂದು. ಒಂದು ಬೇಸಿಗೆ, ಒಂದು ಮಳೆಗಾಲ ಅಲ್ಲೇ ಇರಲಿ. ಇಎಸ್‌ಪಿ32 ಸಾಮಾನ್ಯವಾಗಿ 2.4 ಗಿಗಾಹರ್ಟ್ಸ್ ವೈ-ಫೈ ಮಾತ್ರ ಹಿಡಿಯುತ್ತದೆ, ಹೊಸ ರೌಟರುಗಳು 5 ಗಿಗಾಹರ್ಟ್ಸನ್ನೂ ಅದೇ ಹೆಸರಿನಲ್ಲಿ ಕೊಡುತ್ತವೆ. ಮೊದಲ ಸಲ ಜೋಡಿಸುವಾಗಲೇ ಇದು ಕಾಡಬಹುದು. ಮನೆಯವರಿಗೆ ಏನನ್ನೂ ಹೇಳಿಕೊಡದೆ ಪಕ್ಕದಲ್ಲಿ ಕೂತು ನೋಡಿ. ಅವರು ಎಲ್ಲಿ ನಿಂತು ನಿಮ್ಮ ಮುಖ ನೋಡುತ್ತಾರೋ ಅಲ್ಲಿ ತಿದ್ದಬೇಕು. ಹೋಗುವ ಮುಂಚೆ ಅವರ ಎದುರಿಗೇ ರೌಟರ್ ಆಫ್ ಮಾಡಿ, ಈಗ ಟ್ಯಾಂಕ್ ತುಂಬಿಸಿ ಅಂತ ಕೇಳಿ.

ಕೊನೆಯ ಹೆಜ್ಜೆ: ಮನೆ ಖಾಲಿ ಮಾಡುವ ದಿನ

ಮನೆ ಮಾರುವಾಗ ಪೆಟ್ಟಿಗೆ ಅಲ್ಲೇ ಉಳಿಯುತ್ತದೆ. ಬಟನ್ ಹತ್ತು ಸೆಕೆಂಡ್ ಒತ್ತಿದರೆ ವೈ-ಫೈ ಪಾಸ್‌ವರ್ಡ್, ಹಳೇ ಲೆಕ್ಕ, ಸೇರಿದ್ದ ಫೋನುಗಳು ಎಲ್ಲಾ ಅಳಿಯಬೇಕು, ಸರ್ವರಿನಲ್ಲಿ ಇರುವುದೂ ಸೇರಿ. ಆ ಹೊತ್ತಿಗೆ ನೆಟ್ ಇಲ್ಲದಿದ್ದರೆ ಪೆಟ್ಟಿಗೆ ಅದನ್ನು ನೆನಪಿಟ್ಟುಕೊಂಡು ಮುಂದಿನ ಸಲ ಸರ್ವರ್ ಸಿಕ್ಕ ತಕ್ಷಣ ಮೊದಲು ಅದನ್ನೇ ಮಾಡಲಿ. ಅಳಿಸಿ ಆದ ಮೇಲೆ ಹಳೇ ಓನರಿನ ಫೋನಿಗೆ ಒಂದು ಮೆಸೇಜ್ ಹೋಗಲಿ: "ಈ ಮನೆಯ ಮೋಟಾರ್ ಇನ್ನು ನಿಮ್ಮ ಫೋನಿನಲ್ಲಿ ಇಲ್ಲ." ಅದಾದ ಮೇಲೆ ಹಳೇ ಫೋನಿನಿಂದ ಒಂದು ಸಲ ಆನ್ ಒತ್ತಿ ನೋಡಿ, ಮೋಟಾರಿನ ಪಕ್ಕ ಒಬ್ಬರನ್ನು ನಿಲ್ಲಿಸಿಕೊಂಡು.